ಕಂಪ್ಯೂಟರ್ ಕಿವಿಮಾತು: ಕರೆಯೋಲೆ ಮಸುಕಾಗದಿರಲಿ

ತೇನಿ, ಕಂಬಂ ಕಣಿವೆಯ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಬರಹ ತಮಿಳು. ಅಲ್ಲಿ ಮದುವೆ ಕರೆಯೋಲೆಯನ್ನು ಕನ್ನಡದಲ್ಲೂ ಅಚ್ಚು ಹಾಕಿಸಿದರೆ, ಒತ್ತಕ್ಷರ ಮಸುಕಾದದ್ದು ಕನ್ನಡ ಬಾರದ ಅಚ್ಚುಗಾರರಿಗೆ ತಿಳಿಯದು.

ಇಂಕ್‌ಸ್ಕೇಪ್, ಕೋರಲ್ ಡ್ರಾಗಳಲ್ಲಿ ಬರೆದ ಗೆರೆ ಎಷ್ಟು ಹಿಗ್ಗಿಸಿದರೂ ಮಸುಕಾಗದು. ಅದನ್ನೇ ಚಿಕ್ಕ ಜೆಪಿಜಿ ಚಿತ್ರವಾಗಿ ಉಳಿಸಿದರೆ ಚುಕ್ಕಿಗಳಾಗುತ್ತದೆ. ಅಂಗುಲಕ್ಕೆ 300 ಚುಕ್ಕಿ ಬೇಕು. 600 ಚುಕ್ಕಿ ಅಗಲದ ಚಿತ್ರ 2 ಅಂಗುಲಕ್ಕಷ್ಟೇ ಸಾಕು. ಆದ್ದರಿಂದ ಪಿಡಿಎಫ್ ಕೊಡಿ. ಅಚ್ಚುಕೂಟದಲ್ಲಿ ಕನ್ನಡ ಫಾಂಟ್ ಇಲ್ಲದಿರಬಹುದು. ಅಕ್ಷರಗಳನ್ನು ಮೊದಲೇ ಪಾತ್ ಅಥವಾ ಕರ್ವ್‌ಗೆ ಬದಲಿಸಿ, ಮೂಲಪ್ರತಿಯನ್ನು ಬೇರೆ ಇಟ್ಟುಕೊಳ್ಳಿ.

ನೂರಾರು ಪ್ರತಿಗೆ ಹಣ ಕಟ್ಟುವ ಮುನ್ನ ಒಂದನ್ನು ಅಚ್ಚು ಹಾಕಿಸಿ, ಕನ್ನಡ ಬಲ್ಲವರಿಂದ ವಧೂವರರ ಹೆಸರು ಓದಿಸಿ.