ಮೊದಲು ಸೈಟು, ಆಮೇಲೆ ನೀರು

ಬೆಂಗಳೂರಿನ ನೀರಿನ ಬರ, ಬೆಳ್ಳಂದೂರು ಕೆರೆಯ ನೊರೆ, ರಸ್ತೆಯ ಮೇಲೆ ಕಳೆದುಹೋಗುವ ಸಂಜೆಗಳು: ಯಾವುದರ ಮಾತೆತ್ತಿದರೂ ಕೊನೆಗೆ ತಪ್ಪು ಹೊರಗಿನಿಂದ ಬಂದವರ ತಲೆಗೆ ಬೀಳುತ್ತದೆ. ಹಳ್ಳಿಯವರು ಹಳ್ಳಿಯಲ್ಲೇ ಇದ್ದಿದ್ದರೆ ನಗರ ಕೆಡುತ್ತಿರಲಿಲ್ಲವಂತೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಮಳೆ ಕೈಕೊಟ್ಟ ವರ್ಷ ಯಾದಗಿರಿ, ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದವರಿಗೆ, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿದು ತನ್ನದೇ ಸಂಬಳ ಎಣಿಸುವ ಹೆಣ್ಣುಮಗಳಿಗೆ ನಗರ ಬದುಕು ಕೊಟ್ಟಿದೆ. ಜಾತಿಯ ಕಾರಣಕ್ಕೆ ಊರ ಹೋಟೆಲಿನಲ್ಲಿ ಬೇರೆ ಲೋಟ ಹಿಡಿದವರಿಗೆ ಅದು ಉಸಿರಾಡಲು ಜಾಗವನ್ನೂ ಕೊಟ್ಟಿದೆ.

ಇಷ್ಟಕ್ಕೂ ಎಲ್ಲರೂ ನಗರಕ್ಕೆ ಬಂದವರಲ್ಲ. ಎಷ್ಟೋ ಜನರ ಮನೆಬಾಗಿಲಿಗೆ ನಗರವೇ ಬಂತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ರಚನೆಯಾದಾಗ ಏಳು ನಗರಸಭೆ, ಒಂದು ಪುರಸಭೆಯ ಜೊತೆ 110 ಹಳ್ಳಿಗಳು ಅದರೊಳಗೆ ಸೇರಿದವು. ರಾಗಿ ಹೊಲ ರೆವಿನ್ಯೂ ಸೈಟಾಯಿತು, ಗೋಮಾಳ ಲೇಔಟಾಯಿತು, ಕೆರೆಯಿಂದ ಕೆರೆಗೆ ನೀರು ಒಯ್ಯುತ್ತಿದ್ದ ರಾಜಕಾಲುವೆಯ ಮೇಲೆ ಗೋಡೆ ಎದ್ದಿತು. ಈ ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ಹದಿನೇಳು ವರ್ಷ ಜನ ಕುಡಿದದ್ದು ಬೋರ್‌ವೆಲ್ ನೀರು, ಅದು ಬತ್ತಿದಾಗ ಟ್ಯಾಂಕರ್ ನೀರು. 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಹತ್ತಿರಹತ್ತಿರ ಅರ್ಧ ಬತ್ತಿವೆ ಎಂದು ಸರ್ಕಾರವೇ ಹೇಳಿತು. ಅಪಾರ್ಟ್‌ಮೆಂಟಿನವರು ಟ್ಯಾಂಕರಿಗೆ ಒಟ್ಟಾಗಿ ದುಡ್ಡು ಹಾಕಿದರು. ಅದೇ ಅಪಾರ್ಟ್‌ಮೆಂಟ್ ಕಟ್ಟಿ, ಪಕ್ಕದಲ್ಲೇ ತಗಡಿನ ಶೆಡ್ಡಿನಲ್ಲಿ ಉಳಿದವರ ದಿನ ಕೊಡ ಹಿಡಿದು ಬೀದಿಯಲ್ಲೇ ಕಳೆಯಿತು.

ಬಡ ದೇಶದಲ್ಲಿ ನಗರ ಹೀಗಲ್ಲದೆ ಹೇಗೆ ಬೆಳೆದೀತು ಎಂದು ಕೇಳುವವರಿದ್ದಾರೆ. ಆದರೆ ಇದೇ ಊರು ಬೇರೆ ರೀತಿಯಲ್ಲಿ ಬೆಳೆದದ್ದುಂಟು. 1898ರ ಪ್ಲೇಗಿನ ಕಾಲದಲ್ಲಿ ಮಲ್ಲೇಶ್ವರ, ಬಸವನಗುಡಿಗಳು ತಲೆಯೆತ್ತಿದಾಗ ಅಗಲ ರಸ್ತೆ, ಚರಂಡಿ, ಮಲ ಸಾಗಿಸಲು ಮನೆಗಳ ಹಿಂದೊಂದು ಓಣಿ, ಇಷ್ಟೂ ನಕ್ಷೆಯಲ್ಲೇ ಇದ್ದವು. ಆ ಓಣಿಯಲ್ಲಿ ದುಡಿದವರ ಪಾಡು ಹೇಳತೀರದು, ಅದನ್ನು ಮರೆಯುವಂತಿಲ್ಲ. ಆದರೆ ಹೊಲಸು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯನ್ನು ಮನೆ ಕಟ್ಟುವ ಮೊದಲೇ ಕೇಳಲಾಗಿತ್ತು. ಹಣವಿಲ್ಲವೆಂಬ ಮಾತೂ ಪೂರ್ತಿ ನಿಜವಲ್ಲ. ಹೊಲ ಸೈಟಾದ ಕೂಡಲೇ ಬೆಲೆ ಹತ್ತಾರು ಪಟ್ಟು ಏರುತ್ತದೆ. ಆ ಏರಿಕೆಯಲ್ಲಿ ಪೈಪಿಗೆ, ಒಳಚರಂಡಿಗೆ ಒಂದು ಪಾಲು ತೆಗೆದಿಟ್ಟಿದ್ದರೆ ಸಾಕಿತ್ತು. ಲಾಭದ ಬಹುಪಾಲು ಲೇಔಟ್ ಮಾಡಿದವರಿಗೆ ಹೋಯಿತು, ಖರ್ಚು ಸಾರ್ವಜನಿಕರ ಪಾಲಿಗೆ ಉಳಿಯಿತು.

ಖರ್ಚು ನಗರದೊಳಗೂ ನಿಲ್ಲುವುದಿಲ್ಲ. ಕಾವೇರಿ ನೀರನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಪಂಪ್ ಮಾಡಿ ತರುತ್ತೇವೆ. ನಮ್ಮ ಕಸವನ್ನು ಹೊರವಲಯದ ಮಾವಳ್ಳಿಪುರ, ಮಂಡೂರು ಹಳ್ಳಿಗಳ ಬಾಗಿಲಲ್ಲಿ ಸುರಿದೆವು. ಮಂಡೂರಿನವರು ವರ್ಷಗಟ್ಟಲೆ ಹೋರಾಡಿದ ಮೇಲೆ 2014ರಲ್ಲಿ ಅಲ್ಲಿಗೆ ಕಸದ ಲಾರಿಗಳು ಬರುವುದು ನಿಂತಿತು. ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದೇವೆ. ಬತ್ತಿದ ಕೆರೆ ತುಂಬಿದ್ದನ್ನು ಕಂಡು ಅಲ್ಲಿನ ಎಷ್ಟೋ ರೈತರು ಖುಷಿಪಟ್ಟದ್ದು ನಿಜ. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಅದೇ ಜಿಲ್ಲೆಯವರು ಕೇಳುತ್ತಿರುವುದೂ ಅಷ್ಟೇ ನಿಜ, ಮತ್ತು ನ್ಯಾಯ.

ನನ್ನನ್ನು ಹೆಚ್ಚು ಕಾಡುವ ನಷ್ಟ ಇನ್ನೊಂದಿದೆ. ಆ 110 ಹಳ್ಳಿಗಳಲ್ಲಿ ಮೊದಲು ಪಂಚಾಯಿತಿ ಇತ್ತು. ನಲ್ಲಿಯಲ್ಲಿ ನೀರು ಬರದಿದ್ದರೆ ಮೆಂಬರನ್ನು ಅರಳಿಕಟ್ಟೆಯ ಬಳಿಯೇ ನಿಲ್ಲಿಸಿ ಕೇಳಬಹುದಿತ್ತು. ನಗರಕ್ಕೆ ಸೇರಿದ ಮೇಲೆ ಮೆಂಬರ್ ಬದಲಿಗೆ ಕಾರ್ಪೊರೇಟರ್ ಸಿಕ್ಕರು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಚುನಾವಣೆಯೇ ಇಲ್ಲದೆ ವರ್ಷಗಳು ಉರುಳಿ, ಅವರೂ ಇಲ್ಲವಾದರು. 2024ರ ಆ ಬೇಸಿಗೆಯನ್ನು ನಗರ ಎದುರಿಸಿದ್ದು ಚುನಾಯಿತ ಪಾಲಿಕೆಯಿಲ್ಲದೆ. ಬಾಯಾರಿದವನು ಯಾರ ಮನೆ ಬಾಗಿಲು ತಟ್ಟಬೇಕಿತ್ತು?

ಹೊಸಕೋಟೆ, ಆನೇಕಲ್, ನೆಲಮಂಗಲದ ಸುತ್ತ ಈಗ ಎಕರೆಗಳು ಚದರಡಿಗಳಾಗುತ್ತಿವೆ. ಅಲ್ಲಿನ ಎಷ್ಟೋ ಊರುಗಳಲ್ಲಿ ಗ್ರಾಮಸಭೆ ಇನ್ನೂ ಉಳಿದಿದೆ. ಭೂಪರಿವರ್ತನೆಯ ಆದೇಶಕ್ಕೆ ಸಹಿ ಬೀಳುವ ಮೊದಲು ಈ ಬಡಾವಣೆಗೆ ನೀರು ಎಲ್ಲಿಂದ, ಇದರ ಕೊಳಚೆ ಎಲ್ಲಿಗೆ, ಪೈಪಿನ ಹಣ ಯಾರದು ಎಂಬ ಲೆಕ್ಕವನ್ನು ಆ ಸಭೆಯ ಮುಂದೆ ಇಡಲೇಬೇಕೆಂದು ಕಾನೂನು ಆಗಬೇಕು. ಲೆಕ್ಕ ಸರಿಹೋಗದಿದ್ದರೆ ಬೇಡವೆನ್ನುವ ಅಧಿಕಾರವೂ ಆ ಸಭೆಗೆ ಇರಬೇಕು.