ಆಮೆಗೊಂದು ಅಂಗಳ

ಆಮೆಯೆಂದರೆ ನಮ್ಮ ಜನಕ್ಕೆ ಮೊದಲಿನಿಂದಲೂ ಒಂದು ಬಗೆಯ ಭಕ್ತಿ. ಮಂದರ ಪರ್ವತವನ್ನು ಬೆನ್ನ ಮೇಲೆ ಹೊತ್ತ ಕೂರ್ಮಾವತಾರದ ಕಥೆಯನ್ನು ಕೇಳದ ಮಕ್ಕಳು ವಿರಳ. ಎಷ್ಟೋ ಹಳೆಯ ಗುಡಿಗಳಲ್ಲಿ ನೆಲಗಲ್ಲಿನ ಮೇಲೆ ಕೆತ್ತಿದ ಆಮೆಯನ್ನು ಕಂಡ ಮೇಲೆಯೇ ದೇವರ ದರ್ಶನ. ಆದರೆ ಈ ಭಕ್ತಿಯೇ ಆ ಮೂಕಪ್ರಾಣಿಗೆ ಮುಳುವಾಗಿದೆ. ಮನೆಯಲ್ಲಿ ಆಮೆ ಇದ್ದರೆ ಲಕ್ಷ್ಮಿ ನೆಲೆಸುವಳೆಂದು ನಂಬಿಸಿ ಮಾರುವವರಿದ್ದಾರೆ. ನಂಬಿ ಕೊಳ್ಳುವವರೂ ಇದ್ದಾರೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂತಹ ಊರುಗಳಲ್ಲಿ ಅನೇಕ ಮನೆಗಳ ಹಿಂದೆ ಇನ್ನೂ ಅಷ್ಟಿಷ್ಟು ಹಿತ್ತಿಲು ಉಳಿದಿದೆ. ಮಕ್ಕಳು ಹಟ ಹಿಡಿದಾಗ, “ಒಂದು ಮೂಲೆಯಲ್ಲಿ ಬಿದ್ದಿರಲಿ ಬಿಡು” ಎಂದು ಹಿರಿಯರು ಒಪ್ಪಿಬಿಡುವುದು ಸುಲಭ. ಆದರೆ ಆಮೆಯು ಮೂಲೆಯಲ್ಲಿ ಬಿದ್ದಿರುವ ವಸ್ತುವಲ್ಲ. ಅದಕ್ಕೆ ಅಂಗಳ ಕಟ್ಟುವ ಮೊದಲು ಮನೆಯವರು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಈ ಆಮೆಯನ್ನು ಇಟ್ಟುಕೊಳ್ಳುವ ಅಧಿಕಾರ ನಮಗುಂಟೆ? ಉಂಟಾದರೆ, ಅದು ಬದುಕಿರುವವರೆಗೂ ಸಾಕುವ ಶಕ್ತಿ ಉಂಟೆ?

ಮೊದಲನೆಯ ಪ್ರಶ್ನೆಗೆ ಕಾನೂನು ಸ್ಪಷ್ಟವಾಗಿಯೇ ಉತ್ತರ ಕೊಟ್ಟಿದೆ. ಬೆನ್ನ ಮೇಲೆ ಹಳದಿ ಗೆರೆಗಳ ಚಿತ್ತಾರವುಳ್ಳ ನಕ್ಷತ್ರ ಆಮೆಯಾಗಲಿ, ಕೆರೆಯ ಕೆಸರಿನಲ್ಲಿ ಬಾಳುವ ಮೃದು ಚಿಪ್ಪಿನ ಆಮೆಯಾಗಲಿ, ಸಾಕಲು ನಮಗೆ ಅಧಿಕಾರವಿಲ್ಲ. ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. 2022ರ ತಿದ್ದುಪಡಿಯ ಬಳಿಕ ಇವೆರಡೂ ಮೊದಲನೆಯ ಅನುಸೂಚಿಯಲ್ಲಿವೆ; ಅಪರಾಧ ರುಜುವಾತಾದರೆ ಸೆರೆವಾಸ ಮೂರು ವರ್ಷಕ್ಕೆ ಕಡಿಮೆಯಾಗದು. ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವ್ಯಾಪಾರವನ್ನು 2019ರಲ್ಲಿ ಜಗತ್ತಿನ ರಾಷ್ಟ್ರಗಳು ಕೂಡಿ ನಿಷೇಧಿಸಿದವು. ಮಳೆಗಾಲದಲ್ಲಿ ಇಂತಹ ಆಮೆಯೊಂದು ರಸ್ತೆಗೆ ಬಂದರೆ, ಅದು ಹೊರಟಿದ್ದ ದಿಕ್ಕಿನಲ್ಲಿಯೇ ದಾಟಿಸಿ ಬಿಡುವುದು ಒಳ್ಳೆಯದು. ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ರಾಣೆಬೆನ್ನೂರಿನ ಬಳಿ ಕೃಷ್ಣಮೃಗಗಳಿಗಾಗಿ 1974ರಲ್ಲಿ 119 ಚದರ ಕಿಲೋಮೀಟರ್ ನೆಲವನ್ನು ಅಭಯಾರಣ್ಯವೆಂದು ಸಾರಲಾಯಿತು. ಈ ನೆಲದ ಪ್ರಾಣಿಗೆ ತಕ್ಕ ಅಂಗಳವೆಂದರೆ ಅಂಥದು. ಅದನ್ನು ನಮ್ಮ ಹಿತ್ತಿಲಿನಲ್ಲಿ ಕಟ್ಟಲಾಗದು.

ಇನ್ನುಳಿದುದು ಪರದೇಶದ ಆಮೆಗಳ ಮಾತು. ಸಹಾರಾ ಮರುಭೂಮಿಯ ದಕ್ಷಿಣದಂಚಿನ ‘ಸಲ್ಕಾಟಾ’ ಎಂಬ ನೆಲದಾಮೆಯನ್ನು ನಮ್ಮ ದೇಶದಲ್ಲಿಯೂ ಕೆಲವರು ಸಾಕುತ್ತಿದ್ದಾರೆ. ಇದಕ್ಕೂ 2024ರ ನಿಯಮಗಳಂತೆ ಸರ್ಕಾರದ ‘ಪರಿವೇಶ್’ ಜಾಲತಾಣದಲ್ಲಿ ನೋಂದಣಿ ಆಗಲೇಬೇಕು. ಮಾರುವವನ ಬಾಯಿಮಾತನ್ನು ನಂಬದೆ ಕಾಗದಪತ್ರಗಳನ್ನು ಕೇಳಿ ನೋಡುವುದು ಜಾಣತನ. ಕಾನೂನುಬದ್ಧವಾಗಿ ಬಂದ ಇಂತಹ ಆಮೆ ಮನೆಯಲ್ಲಿದ್ದರೆ, ಅದಕ್ಕೆ ಆವರಣ ಕಟ್ಟುವ ಕ್ರಮ ಹೀಗೆ.

ಮೊದಲು ಗೋಡೆ. ತಂತಿಯ ಜಾಲರಿ ಸಲ್ಲದು. ಆಚೆಗೆ ಕಾಣುವ ಹಸುರನ್ನು ನೋಡಿ ಆಮೆಯು ದಿನವಿಡೀ ಜಾಲರಿಯನ್ನು ನೂಕುತ್ತಲೇ ಇರುತ್ತದೆ. ತಲೆಯೋ ಕಾಲೋ ಸಿಕ್ಕಿಕೊಳ್ಳುವುದೂ ಉಂಟು. ಕಲ್ಲು ಅಥವಾ ಇಟ್ಟಿಗೆಯ, ಕಿಂಡಿಯಿಲ್ಲದ ಎರಡಡಿ ಎತ್ತರದ ಗೋಡೆಯೇ ಲೇಸು. ಸಲ್ಕಾಟಾ ಬಿಲ ತೋಡುವುದರಲ್ಲಿ ನಿಪುಣ. ಆದುದರಿಂದ ಗೋಡೆಯ ಬುಡ ನೆಲದೊಳಗೂ ಎರಡಡಿಯಾದರೂ ಇಳಿದಿರಬೇಕು, ಮನೆಯ ತಳಪಾಯದಿಂದ ದೂರವೂ ಇರಬೇಕು. ಆಮೆ ಗೋಡೆ ಹತ್ತಲು ಹೆಣಗುವುದು ಮೂಲೆಗಳಲ್ಲಿ. ಅಲ್ಲಿ ಅಂಗಾತ ಬಿದ್ದರೆ ಬಿಸಿಲಿನಲ್ಲಿ ಬೆಂದು ಸಾಯಬಹುದು. ಮೂಲೆಗಳನ್ನು ದುಂಡಗೆ ಕಟ್ಟಿ, ಮೇಲೆ ಒಳಚಾಚಿದ ಫರಸಿಯನ್ನು ಕೂರಿಸಿದರೆ ಈ ಅಪಾಯ ತಪ್ಪುತ್ತದೆ.

ಎರಡನೆಯದು ನೆಲ. ಈ ಭಾಗದ ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬಿ ನೀರನ್ನು ಹಿಡಿದಿಡುತ್ತದೆ. ಬೆಳೆಗೆ ಭಾಗ್ಯವಾದ ಈ ಗುಣ ಒಣನಾಡಿನ ಆಮೆಗೆ ಕಂಟಕ. ತೇವವೂ ಚಳಿಯೂ ಕೂಡಿದರೆ ಅದಕ್ಕೆ ಉಸಿರಾಟದ ರೋಗ ತಗಲುತ್ತದೆ. ಎರೆ ನೆಲವಾದರೆ ಮೇಲಿನ ಮಣ್ಣನ್ನು ತೆಗೆದು ಗರಸು ಹಾಸಿ, ಅದರ ಮೇಲೆ ಮಸಾರಿ ಮಣ್ಣನ್ನೂ ಮರಳನ್ನೂ ಬೆರೆಸಿ ಹರಡಬೇಕು. ನೆಲ ಒಂದು ಬದಿಗೆ ಇಳಿಜಾರಾಗಿರಲಿ. ಎತ್ತರದ ಬದಿಯಲ್ಲಿ ಕಟ್ಟೆ ಹಾಕಿ, ಅದರ ಮೇಲೆ ಗಾಳಿ-ಮಳೆ ನುಗ್ಗದ ಪುಟ್ಟ ಗೂಡನ್ನು ಕಟ್ಟಿ. ಮಾಗಿಯ ರಾತ್ರಿಗಳಲ್ಲಿ ಗೂಡಿನ ಬಾಗಿಲು ಮುಚ್ಚಿರಲಿ. ಮರಿಯಾದರೆ ಮನೆಯೊಳಗೆ ತಂದಿರಿಸಿ.

ಮೂರನೆಯದು ನೆರಳು. ಆಮೆಯ ಮೈ ತನ್ನ ಶಾಖವನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಬಿಸಿಲಿಗೆ ಬಂದು ಕಾಯಿಸಿಕೊಳ್ಳಬೇಕು, ನೆರಳಿಗೆ ಸರಿದು ಆರಿಸಿಕೊಳ್ಳಬೇಕು. ಏಪ್ರಿಲ್ ತಿಂಗಳ ಬಿಸಿಲು 40 ಡಿಗ್ರಿಯ ಹತ್ತಿರಕ್ಕೇರುವ ಈ ಸೀಮೆಯಲ್ಲಿ ಅಂಗಳದ ಅರ್ಧಭಾಗವಾದರೂ ನೆರಳಿನಲ್ಲಿರಬೇಕು. ಕುಡಿಯಲು ಅಗಲವಾದ, ಆಳವಿಲ್ಲದ ತಟ್ಟೆಯನ್ನು ನೆಲಮಟ್ಟಕ್ಕೆ ಹೂತಿಡಿ. ನೀರು ಗದ್ದಕ್ಕಿಂತ ಮೇಲೇರದಿರಲಿ.

ಆಹಾರವು ಹುಲ್ಲೇ. ಗರಿಕೆ, ಒಣಹುಲ್ಲು, ದಾಸವಾಳದ ಎಲೆ-ಹೂವು, ಮುಳ್ಳು ತೆಗೆದ ಪಾಪಾಸುಕಳ್ಳಿ ಸಾಕು. ಅನ್ನ, ರೊಟ್ಟಿ, ಹಾಲು ಬೇಡ. ಅಕ್ಕರೆಯಿಂದ ಕೊಟ್ಟುದೇ ಅದರ ಹೊಟ್ಟೆಯನ್ನು ಕೆಡಿಸುತ್ತದೆ. ಕಣಗಿಲೆ ನಂಜಿನ ಗಿಡ. ಅದರ ಎಲೆ ಉದುರುವ ಕಡೆಯಲ್ಲಿ ಆವರಣ ಕಟ್ಟಬೇಡಿ. ಕೆಂಪು ಬಣ್ಣಕ್ಕೆ ಆಮೆ ಬೇಗನೆ ಬಾಯಿ ಹಾಕುತ್ತದೆ. ಬ್ಯಾಡಗಿಯ ಮನೆಗಳಲ್ಲಿ ಮೆಣಸಿನಕಾಯಿ ಹರವುವ ಅಂಗಳ ಬೇರೆ, ಆಮೆಯ ಅಂಗಳ ಬೇರೆ ಆಗಿರುವುದು ಇಬ್ಬರಿಗೂ ಕ್ಷೇಮ. ಬೀದಿನಾಯಿ ಗೋಡೆ ಹಾರಿ ಬರದಂತೆ ಹಿತ್ತಿಲ ಬಾಗಿಲು ಭದ್ರವಾಗಿರಲಿ. ಮರಿಗಳಿದ್ದರೆ ಕಾಗೆ, ಮುಂಗುಸಿಗಳ ಭಯಕ್ಕೆ ಮೇಲೆ ಜಾಲರಿಯ ಮುಚ್ಚಳವೂ ಬೇಕು.

ಇಷ್ಟೆಲ್ಲ ಮಾಡಬಲ್ಲೆವು ಎನ್ನುವವರು ಎರಡನೆಯ ಪ್ರಶ್ನೆಯನ್ನು ಮರೆಯಬಾರದು. ಇಂದು ಅಂಗೈಯಲ್ಲಿ ಅಡಗುವ ಸಲ್ಕಾಟಾ ಮರಿ ಬೆಳೆದು 40 ಕಿಲೋ ತೂಗಬಲ್ಲದು, 50 ವರ್ಷಕ್ಕೂ ಮೀರಿ ಬಾಳಬಲ್ಲದು. 30 ಅಡಿಗೆ 40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿ ಉಳಿದ ಜಾಗ ಅದಕ್ಕೆ ಎಲ್ಲಿ ಸಾಕಾದೀತು? ಹತ್ತು ವರ್ಷದ ಹುಡುಗನಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಬಂದ ಆಮೆ, ಅವನು ಓದಿಗೆಂದು ಊರು ಬಿಟ್ಟಾಗಲೂ, ನೌಕರಿ ಹಿಡಿದು ಸಂಸಾರ ಹೂಡಿದಾಗಲೂ, ತಲೆ ನರೆತಾಗಲೂ ಇದ್ದೇ ಇರುತ್ತದೆ. ಅಷ್ಟು ಹೊತ್ತಿಗೆ ಅದಕ್ಕೆ ಹುಲ್ಲು ಹಾಕುವವರಾರು? ಬೇಸತ್ತು ಕೆರೆಗೆ ಎಸೆದರೆ ಈಜು ಬಾರದ ನೆಲದಾಮೆ ಮುಳುಗಿ ಸಾಯುತ್ತದೆ. ಅಂಗಡಿಯ ಕೆಂಪುಕಿವಿಯ ನೀರಾಮೆಯನ್ನು ಬಿಟ್ಟರೆ ಅದು ಬದುಕಿ, ಕೆರೆಯ ಮೂಲನಿವಾಸಿಗಳ ಅನ್ನಕ್ಕೆ ಕುತ್ತಾಗುತ್ತದೆ.

ಆದುದರಿಂದ ಗೋಡೆಗೆ ಕಲ್ಲು ತರಿಸುವ ಮೊದಲು ಮನೆಯವರೆಲ್ಲ ಕೂಡಿ ಕುಳಿತು, ತಮ್ಮ ನಂತರ ಈ ಪ್ರಾಣಿಯ ಹೊಣೆ ಯಾರದೆಂದು ನಿರ್ಧರಿಸಿಕೊಳ್ಳಲಿ. ಹೆಸರು ಹೇಳಬಲ್ಲವರು ಕಟ್ಟಲಿ. ಹೇಳಲಾರದವರು ಮಕ್ಕಳನ್ನು ಒಂದು ಭಾನುವಾರ ಕೆರೆಯ ಏರಿಯ ಮೇಲೆ ಕರೆದೊಯ್ದು, ನೀರಿನಿಂದ ತಲೆಯೆತ್ತುವ ಆಮೆಗಾಗಿ ಸದ್ದಿಲ್ಲದೆ ಕಾಯುವುದನ್ನು ಕಲಿಸಲಿ. ಪ್ರಾಣಿಪ್ರೀತಿಯ ಪಾಠಕ್ಕೆ ಅದೂ ಸಾಕು.