ಮುಚ್ಚಿಟ್ಟ ವರದಿ ಯಾರ ರಕ್ಷಣೆಗೆ?

ಚಿಕಿತ್ಸೆಯಲ್ಲಿ ಅನಾಹುತ ಸಂಭವಿಸಿದಾಗ ವೈದ್ಯರು ಸಲ್ಲಿಸುವ ವರದಿಯನ್ನು ರೋಗಿಗೆ ತೋರಿಸಲಾಗದೆಂಬ ವಾದಕ್ಕೆ ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಬಹುಕಾಲ ಕಾನೂನಿನ ಬೆಂಬಲವಿತ್ತು. ಗೋಪ್ಯತೆಯಿಲ್ಲದಿದ್ದರೆ ವೈದ್ಯರು ತಪ್ಪನ್ನು ಒಪ್ಪಿಕೊಳ್ಳರು, ಒಪ್ಪದಿದ್ದರೆ ತಿದ್ದಿಕೊಳ್ಳಲಾಗದು ಎಂಬುದು ಅದರ ಸಾರ. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಪ್ರಮಾದ ಯಾವ ಕೈಯಿಂದಲೂ ಆಗಬಹುದು. ಆದರೆ ನಂಬಿ ದೇಹವನ್ನೇ ಒಪ್ಪಿಸಿದವನು ಆ ವರದಿಗೆ ಪರಕೀಯನಾಗುವುದು ಯಾವ ನ್ಯಾಯ? ಗಿರಾಕಿಯ ಹೆಸರಿನ ಖಾತೆಯನ್ನು ಗಿರಾಕಿಗೇ ತೋರಿಸದ ಅಂಗಡಿಕಾರನನ್ನು ಯಾರೂ ಪ್ರಾಮಾಣಿಕನೆನ್ನರು.

2004ರ ನವೆಂಬರಿನಲ್ಲಿ ಅಲ್ಲಿಯ ಮತದಾರರು ಶೇಕಡಾ 80ಕ್ಕೂ ಮಿಕ್ಕ ಬಹುಮತದಿಂದ ರಾಜ್ಯದ ಸಂವಿಧಾನವನ್ನು ತಿದ್ದಿ, ಇಂತಹ ದಾಖಲೆಗಳನ್ನು ನೋಡುವ ಹಕ್ಕನ್ನು ರೋಗಿಗಳಿಗೆ ಕೊಟ್ಟರು. ಅನ್ಯ ರೋಗಿಗಳ ಗುರುತು ಬಯಲಾಗಬಾರದೆಂದೂ ವಿಧಿಸಿದರು. ಗೋಪ್ಯತೆ ನಿಜವಾಗಿ ಸಲ್ಲಬೇಕಾದುದು ಅಲ್ಲಿ!

ಮರುವರ್ಷ ಕೇಂದ್ರ ಸರ್ಕಾರದ ಕಾಯ್ದೆಯೊಂದು, ಆಸ್ಪತ್ರೆಗಳು ಸ್ವಇಚ್ಛೆಯಿಂದ ರೋಗಿಸುರಕ್ಷತಾ ಸಂಸ್ಥೆಗಳಿಗೆ ಕಳುಹಿಸುವ ವರದಿಗಳಿಗೆ ಗೋಪ್ಯತೆಯ ರಕ್ಷಣೆ ನೀಡಿತು. ಉದ್ದೇಶ ತಪ್ಪುಗಳಿಂದ ಕಲಿಯುವುದು. ಆದರೆ ಕಲಿಯಲು ಕೊಟ್ಟ ಮರೆ ಬಚ್ಚಿಡಲೂ ಒದಗಿತು. ರಾಜ್ಯದ ಕಾನೂನು ಕಡ್ಡಾಯಗೊಳಿಸಿದ ವರದಿಗಳನ್ನೂ ಅದೇ ಕಡತಕ್ಕೆ ಸೇರಿಸಿ, ಇವೂ ಗೋಪ್ಯವೆಂದು ಆಸ್ಪತ್ರೆಯೊಂದು ವಾದಿಸಿತು. ಇದು ಸುರಕ್ಷತೆಯ ಕಾಳಜಿಯೋ, ಕಪಟವೋ? 2017ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು.

ಹಾಗಾದರೆ ವೈದ್ಯರು ಬರೆಯುವುದನ್ನೇ ನಿಲ್ಲಿಸುವರೆಂದು ಕೆಲವರು ಬೆದರಿಸುತ್ತಾರೆ. ಬರೆಯುವುದು ಅವರ ಔದಾರ್ಯವಲ್ಲ. ಅಲ್ಲಿ ಅದು ಕಾನೂನಿನ ಕಟ್ಟಳೆ. ಬರೆಯದವನನ್ನು ಪ್ರಶ್ನಿಸುವುದನ್ನು ಬಿಟ್ಟು, ಬರೆದುದನ್ನು ಕೇಳುವ ರೋಗಿಯನ್ನು ದೂರುವುದೇಕೆ?